ಗೋಡೆಗೆ ಮುಖ ಮಾಡಿದ ಚಿತ್ರ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಒಬ್ಬರು ಮಾಡಿದ್ದನ್ನು ನಾನು ಹಾಗೆಯೇ ಮಾಡಿ ತೋರಿಸಿದರೆ, ಅವರು ಹೇಗೆ ಮಾಡಿದರೆಂದು ತಿಳಿದಂತಾಗಲಿಲ್ಲವೇ?"

ಗುರು ಹೇಳಿದರು:

ಚಿತ್ರ ನೋಡದೆ ಚಿತ್ರದ ಮಾತು ಆಡಬಾರದು. ಒಂದು ಕಲಾಶಾಲೆಯಲ್ಲಿ ಇದೇ ನಿಯಮ. ಬಾಗಿಲ ಮೇಲೆ ಬರೆದೂ ಇತ್ತು. ಒಂದು ದಿನ ಅಲ್ಲಿದ್ದವರೆಲ್ಲ ಅದನ್ನು ಮುರಿದರು.

ಒಬ್ಬ ವಿದ್ಯಾರ್ಥಿನಿ ದೋಣಿ ನಡೆಸುವ ಮುದುಕನ ಫೋಟೋ ತೆಗೆದು, ಅದನ್ನು ನೋಡಿಕೊಂಡು ಎಣ್ಣೆಬಣ್ಣದಲ್ಲಿ ಅವನ ಮುಖ ಬರೆದಳು. ಸಹಪಾಠಿಗಳು ದೂರು ಕೊಟ್ಟರು. ಇದು ಕುಂಚದ ಕೆಲಸವಲ್ಲ, ಫೋಟೋಕ್ಕೆ ಪೇಂಟಿಂಗಿನ ಎಫೆಕ್ಟ್ ಕೊಟ್ಟು ಕ್ಯಾನ್ವಾಸಿನ ಮೇಲೆ ಪ್ರಿಂಟ್ ಹಾಕಿಸಿದ್ದಾಳೆ ಎಂದರು. ಮೋಸವೆಂದು ತೀರ್ಮಾನವಾದರೆ ಅವಳು ಅಂದೇ ಶಾಲೆ ಬಿಡಬೇಕು. ಆ ಹೆಸರು ಹೊತ್ತವಳನ್ನು ಬೇರೆ ಯಾವ ಶಾಲೆಯೂ ಸೇರಿಸಿಕೊಳ್ಳುವುದಿಲ್ಲ.

ವಿಚಾರಣೆಗೆ ಎಲ್ಲರೂ ಕೂಡಿದರು. ಚಿತ್ರ ಪಕ್ಕದ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಅದನ್ನು ಯಾರೂ ತರಿಸಲಿಲ್ಲ. ಪ್ರಾಂಶುಪಾಲರ ಫೋನಿನಲ್ಲಿ ಅದರ ಪಟವಿತ್ತು, ಅದೇ ಸಾಕೆಂದರು.

ಊರಿನ ಸ್ಟುಡಿಯೋದವನನ್ನು ಕರೆಸಿದ್ದರು. ಯಾವ ಫೋಟೋಕ್ಕೆ ಏನು ಮಾಡಿದ್ದಾರೆಂದು ಕಂಡುಹಿಡಿಯುವುದರಲ್ಲಿ ಅವನು ಗಟ್ಟಿಗ. ಅವನು ಫೋನಿನ ಪಟವನ್ನು ದೊಡ್ಡದು ಮಾಡಿ ನೋಡಿದ. ಅವಳು ತೆಗೆದ ಫೋಟೋವನ್ನು ತನ್ನ ಕಂಪ್ಯೂಟರಿಗೆ ಹಾಕಿಕೊಂಡ. ಚರ್ಮವನ್ನು ನುಣುಪು ಮಾಡಿದ, ಅಂಚುಗಳನ್ನು ಗಟ್ಟಿ ಮಾಡಿದ, ನೆರಳಿಗೆ ನೀಲಿ ಬೆರೆಸಿದ, ಎಲ್ಲದರ ಮೇಲೆ ಕುಂಚದ ಗೆರೆಗಳ ಪದರವೊಂದನ್ನು ಹಾಸಿದ. ಫೋನಿನ ಪಟವನ್ನೂ ಇದನ್ನೂ ಜೊತೆಗಿಟ್ಟರೆ ಯಾವುದು ಯಾವುದೆಂದು ಹೇಳುವಂತಿರಲಿಲ್ಲ.

ಸಭೆ ನಕ್ಕಿತು. ಹಿಂದಿನಿಂದ ಯಾರೋ ಕೂಗಿದರು: "ಏನಮ್ಮಾ, ನಿನ್ನ ಕುಂಚದ ಚಾರ್ಜರ್ ಮನೆಯಲ್ಲೇ ಬಿಟ್ಟು ಬಂದೆಯಾ?"

ಅವಳು, "ಒಂದು ಸಲ ಚಿತ್ರ ತರಿಸಿ ನೋಡಿ ಸರ್" ಎಂದಳು.

"ಕಣ್ಣೆದುರೇ ಮಾಡಿ ತೋರಿಸಿದ ಮೇಲೆ ಇನ್ನೇನಮ್ಮಾ ನೋಡೋದು?" ಎಂದು ಪ್ರಾಂಶುಪಾಲರು ಸ್ಟುಡಿಯೋದವನ ಕಡೆ ತಿರುಗಿದರು. "ಹೇಳಿಬಿಡಪ್ಪ, ಇವಳು ಹೀಗೇ ಮಾಡಿದ್ದಾಳೆ ಅಂತ. ಮುಗಿಸೋಣ."

ಅವನು ಬಾಯಿ ತೆರೆದ. ಅವಳು ಅವನನ್ನೇ ನೋಡುತ್ತಿದ್ದಳು.

"ನಾನು ಹೀಗೆ ಮಾಡಿದೆ ಅಂತ ಹೇಳ್ತೀನಿ ಸರ್. ಅವರು ಹೀಗೆ ಮಾಡಿದರು ಅಂತ ಹೇಳೋಕಾಗಲ್ಲ."

"ಎರಡೂ ಒಂದೇ ಅಲ್ಲವೇನಪ್ಪಾ?" ಎಂದರು ಪ್ರಾಂಶುಪಾಲರು.

ಸ್ಟುಡಿಯೋದವನು ಎದ್ದು ಪಕ್ಕದ ಕೋಣೆಗೆ ಹೋದ. ಚಿತ್ರವನ್ನು ತಿರುಗಿಸಿ ನಿಲ್ಲಿಸಿ, ಮುದುಕನ ಕೆನ್ನೆಯ ನೆರಳನ್ನು ಬೆರಳಿನಿಂದ ಮುಟ್ಟಿದ. ಬಣ್ಣ ಒಣಗಿರಲಿಲ್ಲ. ಬೆರಳು ನೀಲಿಯಾಯಿತು. ಅವನು ಸಭೆಗೆ ಮರಳಿದ.

ಶಿಷ್ಯ ತಡೆಯಲಾರದೆ ಕೇಳಿದ: "ಬಂದು ಏನು ಹೇಳಿದ?"

ಗುರು ಹೇಳಿದರು: "ಪ್ರಾಂಶುಪಾಲರ ಫೋನಿನ ಗಾಜಿನ ಮೇಲೆ ಆ ಬೆರಳನ್ನು ಅಡ್ಡಕ್ಕೆ ಎಳೆದ. ಪಟದ ಮೇಲೆ ಹಸಿ ಬಣ್ಣದ ನೀಲಿ ಗೆರೆ ಮೂಡಿತು."