ದೊಡ್ಡ ತಿರುವಿನ ಕಲ್ಲು

ಹೊಳೆ ದಂಡೆಯ ಆ ಮಠದಲ್ಲಿ ಇದ್ದವರು ಅಜ್ಜಾರು ಮತ್ತು ಅವರ ಶಿಷ್ಯ ಅಡಿವೆಪ್ಪ. ಮಧ್ಯಾಹ್ನ ನೀಲವ್ವ ಎಂಬ ಹೆಂಗಸು ಬಂದು ಅಡುಗೆ ಮಾಡಿ ಬಡಿಸಿ ಹೋಗುತ್ತಿದ್ದಳು.

ಅಡಿವೆಪ್ಪ ಮೊದಲು ನಾಟಾ ಲಾರಿಯ ಡ್ರೈವರು. ಕಾಡಿನಿಂದ ಸಾಗವಾನಿ ದಿಮ್ಮಿ ಹೇರಿಕೊಂಡು, ಘಾಟಿ ಹತ್ತಿಸಿ ಡಿಪೋಗೆ ಮುಟ್ಟಿಸುತ್ತಿದ್ದ. ಮರ ಕಡಿಯುವುದು ನಿಂತಿತು, ಲಾರಿ ಗುಜರಿಗೆ ಹೋಯಿತು, ಅವನು ಮಠಕ್ಕೆ ಬಂದ. ಈಗಲೂ ಕಸ ಗುಡಿಸುವಾಗ ಮೂಲೆ ಬಂದರೆ ಬಾಯಲ್ಲೇ ಹಾರ್ನ್ ಹೊಡೆಯುತ್ತಾನೆ ಎಂದು ಅಜ್ಜಾರು ಕಾಡಿಸುತ್ತಿದ್ದರು.

ಒಂದು ದಿನ ನೀಲವ್ವ ಸೌಟು ಕೆಳಗಿಟ್ಟು ಅಜ್ಜಾರ ಮುಂದೆ ಬಂದು ನಿಂತಳು.

"ನಾಳಿಂದ ನಾ ಬರಂಗಿಲ್ರಿ."

"ಯಾಕವಾ?"

"ನಿಮ್ಮ ಶಿಷ್ಯ ನನ್ನ ಕೈಲೆ ಒಂದ್ ತುತ್ತು ಉಂಡಿಲ್ರಿ. ನಾ ಬಡಸಾಕ ಬಂದ್ರ ಎದ್ದು ಹೋಗ್ತಾರ. ಅವಲಕ್ಕಿ ತೊಯ್ಸಿಕೊಂಡು ತಿಂತಾರ. ಗಂಡ ಸತ್ತಾಕಿ ಮುಟ್ಟಿದ್ದು ಅವ್ರಿಗೆ ಆಗಿ ಬರಂಗಿಲ್ಲ ಅಂತ ಕಾಣ್ತೈತಿ."

ಅವಳು ಅಳಲಿಲ್ಲ. ಅಜ್ಜಾರಿಗೆ ಅದೇ ಹೆಚ್ಚು ನೋವಾಯಿತು.

"ಇವತ್ತೊಂದಿನ ತಡಿಯವಾ" ಎಂದು ಅವಳನ್ನು ಕಳಿಸಿ, ಅಡಿವೆಪ್ಪನನ್ನು ಕರೆದರು.

"ಆಕಿ ಹೇಳೂದು ಖರೆ ಏನು?"

"ಶಿವ ಶಿವಾ! ಹಂಗಲ್ರಿ ಅಜ್ಜಾರ." ಅಡಿವೆಪ್ಪ ಕೈ ಮುಗಿದ. "ಆಕಿ ಗಂಡನ್ನ ನಾನ ಕೊಂದೀನೋ ಏನೋ ಅಂತ ನನಗ ಭಯ."

ಅಜ್ಜಾರು ಎದುರಿನ ಚಾಪೆ ತೋರಿಸಿದರು. ಅಡಿವೆಪ್ಪ ಕೂತ.

"ಏರಿನ್ಯಾಗ ಲೋಡ್ ಲಾರಿ ನಿಂತ್ರ ಹಿಂದಕ್ಕ ಜಾರ್ತೈತ್ರಿ. ಕ್ಲೀನರ್ ಜಿಗಿದು ಗಾಲಿಗೆ ಕಲ್ಲು ಕೊಡ್ತಾನ. ಇಂಜಿನ್ ಎತ್ತಿಕೊಂಡ ಮ್ಯಾಲ ಮತ್ತ ನಿಂದರ್ಸಿ ಕಲ್ಲು ಯಾರು ತೆಗೀತಾರ್ರಿ? ಘಾಟಿ ಹತ್ತಿದ್ರ ಸಾಕಾಗಿರ್ತೈತಿ. ಕಲ್ಲು ಅಲ್ಲೇ ಬಿಟ್ಟು ಹೋಗೂದು. ಎಲ್ಲಾರೂ ಹಂಗ ಮಾಡ್ತಿದ್ವಿ."

"ಮುಂದ?"

"ನೀಲವ್ವನ ಗಂಡ ಈರಪ್ಪ, ಅಂವಾನೂ ನಾಟಾ ಡ್ರೈವರ್ರಿ. ಒಂದಿನ ಸಂಜೀಕ ಖಾಲಿ ಲಾರಿ ಇಳಿಸಾಕತ್ತಿದ್ದ. ದೊಡ್ಡ ತಿರುವಿನ್ಯಾಗ ಗಾಲಿ ಕಲ್ಲಿನ ಮ್ಯಾಲ ಹತ್ತಿ, ಲಾರಿ ಕಮರಿಗೆ ಬಿತ್ತು. ಅವತ್ತ ಮುಂಜಾನೆ ಅದ ತಿರುವಿನ್ಯಾಗ ನನ್ನ ಲಾರೀನೂ ನಿಂತಿತ್ತು. ಬ್ಯಾರೇದವ್ರದೂ ನಿಂತಿದ್ವು."

ಅವನು ಅಜ್ಜಾರ ಕಾಲು ಹಿಡಿದ.

"ನೀವು ತಿಳಿದವ್ರು. ಆ ಕಲ್ಲು ನಂದೋ ಅಲ್ಲೋ ಹೇಳಿಬಿಡ್ರಿ. ನಂದಾದ್ರ ಆಕಿ ಕಾಲಿಗೆ ಬೀಳ್ತೀನಿ. ಅಲ್ಲಂದ್ರ ಆಕಿ ಬಡಿಸಿದ್ದು ಉಣ್ತೀನಿ. ನಡುವ ಸಿಕ್ಕೊಂಡು ಸಾಕಾಗೇತಿ."

ಅಜ್ಜಾರು ಕೋಲು ತೆಗೆದುಕೊಂಡು ಎದ್ದರು. "ನಡಿ, ಘಾಟಿಗೆ ಹೋಗೂಣು."

ಬಸ್ಸು ಅವರನ್ನು ದೊಡ್ಡ ತಿರುವಿನಲ್ಲಿ ಇಳಿಸಿ ಹೋಯಿತು. ಈಗ ಅಲ್ಲಿ ನಾಟಾ ಲಾರಿಗಳಿಲ್ಲ, ಜಲ್ಲಿ ಲಾರಿಗಳು ಓಡಾಡುತ್ತವೆ. ಡ್ರೈವರುಗಳ ಬುದ್ಧಿ ಮಾತ್ರ ಹಾಗೇ ಇದೆ. ರಸ್ತೆಯ ಮೇಲೆ ಒಂದು ಕಲ್ಲು ಬಿದ್ದಿತ್ತು.

ಅಜ್ಜಾರು ತಡೆಗೋಡೆಯ ಮೇಲೆ ಕೂತು ಕೇಳಿದರು.

"ಇದು ಯಾರ ಕಲ್ಲು?"

"ಯಾವನೋ ಡ್ರೈವರಂದ್ರಿ."

"ಯಾವ ಡ್ರೈವರು?"

"ಅದ್ಹೆಂಗ ಗೊತ್ತಾಗಬೇಕ್ರಿ? ಕಲ್ಲಿನ ಮ್ಯಾಲ ಏನು ಹೆಸರು..."

ಮೇಲಿನಿಂದ ಹಾರ್ನ್ ಕೇಳಿಸಿತು. ಅಡಿವೆಪ್ಪ ಮಾತು ಅರ್ಧಕ್ಕೇ ಬಿಟ್ಟು ಓಡಿದ. ಎರಡೂ ಕೈಯಿಂದ ಕಲ್ಲನ್ನು ಅವಚಿ ಎತ್ತಿ, ತಿರುಗಿ ನೋಡದೆ ಚರಂಡಿಗೆ ಹಾಕಿದ. ಲಾರಿ ಅವನ ಪಕ್ಕದಲ್ಲೇ ಹಾದುಹೋಯಿತು. ಡ್ರೈವರ್ ತಲೆ ಹೊರಗೆ ಹಾಕಿ, "ಏ ಮುದುಕಾ, ರಸ್ತೆಮ್ಯಾಲ ಕಲ್ಲು ಇಟ್ಟು ಆಟ ಆಡಾಕತ್ತಿಯೇನು!" ಎಂದು ಬೈದುಕೊಂಡು ಹೋದ.

ಅಜ್ಜಾರು ನಕ್ಕರು. "ಚಲೋ ಬೈಸ್ಕೊಂಡಿ."

"ಬೈಲಿ ಬಿಡ್ರಿ. ಮನಿ ಮುಟ್ತಾನಲ್ಲ, ಅಷ್ಟ ಸಾಕು." ಅಡಿವೆಪ್ಪ ಏದುಸಿರು ಬಿಡುತ್ತಾ ಹತ್ತಿರ ಬಂದ. "ಈಗರ ಹೇಳ್ರಿ. ಅವತ್ತಿನ ಕಲ್ಲು ನಂದೋ, ಅಲ್ಲೋ?"

"ಈರಪ್ಪ ಸತ್ತಾಗ ಆಕಿ ಮನಿಗೆ ಯಾರ್ಯಾರು ಹೋಗಿದ್ರಿ?"

ಅಡಿವೆಪ್ಪ ರಸ್ತೆ ನೋಡಿದ.

"ಡ್ರೈವರ್ ಮಂದಿ ಯಾರೂ ಹೋಗ್ಲಿಲ್ರಿ."

"ಅವನ ಜೋಡಿ ದಿನಾ ಚಹಾ ಕುಡಿಯಾವ್ರು?"

"ಅವ್ರೂ ಇಲ್ರಿ. ಮಣ್ಣಿಗೂ ಹೋಗ್ಲಿಲ್ಲ."

"ಯಾಕ?"

ಅಡಿವೆಪ್ಪ ಅಂಗೈಗೆ ಅಂಟಿದ ಮಣ್ಣು ಒರೆಸಿಕೊಂಡ.

"ಯಾರು ಹೋದ್ರ ಅವಂದ ಕಲ್ಲು ಅಂತ ಆಗ್ತಿತ್ತಲ್ರಿ, ಅಜ್ಜಾರ."

ಅವನು ರಸ್ತೆ ಬದಿಯಲ್ಲೇ ಕುಸಿದು ಕೂತು, ಮುಖ ಮುಚ್ಚಿಕೊಂಡು ಅತ್ತ. ಅಜ್ಜಾರು ಸಮಾಧಾನ ಮಾಡಲಿಲ್ಲ. ಅಳು ತಾನಾಗಿ ನಿಲ್ಲುವವರೆಗೂ ಕಾದರು.

ಹೊತ್ತು ಇಳಿಯುತ್ತಿತ್ತು. ಕೆಳಗಿನ ಊರಿಗೆ ಹೋಗುವ ಬಸ್ಸಿನ ಸದ್ದು ದೂರದಲ್ಲಿ ಕೇಳಿಸಿತು.

"ಈಗ ನಾ ಹೋಗಿ ಇದನ್ನೆಲ್ಲಾ ಹೇಳಿದ್ರ, ಆ ಕಲ್ಲು ನಂದ ಅಂತ ಆಕಿ ತಿಳ್ಕೊಂತಾಳ್ರಿ" ಎಂದ ಅಡಿವೆಪ್ಪ.

"ಹೂಂ. ತಿಳ್ಕೊಂತಾಳ."

"ನಂದಲ್ಲದಿದ್ರೂ?"

"ನಿಂದಲ್ಲದಿದ್ರೂ."

"ನಂದಲ್ಲದ್ದನ್ನ ನಾ ಯಾಕ ಹೊರಬೇಕ್ರಿ?"

ಅಜ್ಜಾರು ಬಸ್ಸಿಗೆ ಕೈ ಮಾಡುತ್ತಾ ಹೇಳಿದರು:

"ಗಂಡ ಸತ್ತಾಕಿ ಅನ್ನೂ ದೋಷ ಇಷ್ಟು ವರ್ಷ ಆಕಿ ಹೊತ್ತಾಳಲ್ಲೋ, ಅದೇನು ಆಕೀದಾಗಿತ್ತೇನು?"