ಫಕೀರಪ್ಪ ಶಬ್ದಕೋಶ ನೆಟ್ಟಿಗೆ ಹಾಕಿದ್ದು

ಕೇಳ್ರಿ, ನಗು ಬಂದ್ರ ತಡೀಬ್ಯಾಡ್ರಿ.

ಮುಂಡರಗಿ ಬಸ್‌ಸ್ಟ್ಯಾಂಡಿನ ಎದುರು ನಿಂಬೆವ್ವನ ಟೈಪಿಂಗ್ ಅಂಗಡಿ. ಆಕಿಗೆ ಒಬ್ಬನೇ ಮಗ, ಫಕೀರಪ್ಪ. ಮೂವತ್ತು ವರ್ಷದ ಆಳು. ಕಂಪ್ಯೂಟರ್ ಮುಂದ ಕುಂತ್ರ ಬೆರಳು ಕುದುರಿಹಂಗ ಓಡ್ತಿದ್ವು. ತಲಿ ಮಾತ್ರ ಹೇಳಿದ್ದಷ್ಟ, ಅದರಾಚೆ ಒಂದು ಹೆಜ್ಜಿ ಇಲ್ಲ.

"ಇವನ್ನ ಕಟಗೊಂಡು ನಾ ಹೆಂಗ ಅಂಗಡಿ ನಡಸ್ಲಿ!" ಅಂತ ಅವ್ವ ಹಣಿ ಬಡ್ಕೊಳಾಕಿ.

ಒಂದಿನ ಬೆನಕಪ್ಪ ಮಾಸ್ತರು ಬಂದ್ರು. ನಲವತ್ತು ವರ್ಷ ಹಳ್ಳಿಹಳ್ಳಿ ತಿರುಗಿ, ಮಂದಿ ಆಡೋ ಮಾತು ಕೂಡಿಸಿ ಶಬ್ದಕೋಶ ಬರದವರು. ಟೈಪ್ ಮಾಡಿದಾಕಿ ನಿಂಬೆವ್ವನೇ. ಆದ್ರ ಫಾಂಟು ಹಳೇದು. ಮೊಬೈಲಿನ್ಯಾಗ ತೆಗದ್ರ ಅಕ್ಷರೆಲ್ಲ ಕೋಳಿ ಕೆದರಿದಂಗ! ನಾಲ್ಕು ಅಂಗಡಿಯವರು ಸರಿ ಮಾಡಾಕ ಆಗೂದಿಲ್ಲ ಅಂದಿದ್ರು.

"ನನ್ನ ಕಣ್ಣು ಮಂಜಾಗ್ಯಾವ ತಂಗಿ. ಪೂರಾ ಹೋಗೂದ್ರೊಳಗ ಮಂದಿ ಇದನ್ನ ಓದೂದು ನೋಡಬೇಕು. ಐತವಾರ ಗ್ರಂಥಾಲಯದಾಗ ಸಭಾ ಕರದೀನಿ."

"ಫಕೀರ್ಯಾ, ಇದನ್ನ ನೆಟ್ಟಿಗೆ ಹಾಕೋ!"

"ಹೂಂನವ್ವ!"

ಇನ್ನೂರು ಪುಟ ಪ್ರಿಂಟ್ ತಗದ. ಹೈಸ್ಕೂಲ್ ಮೈದಾನಕ್ಕ ಹೋದ. ವಾಲಿಬಾಲ್ ನೆಟ್ಟಿಗೆ ಒಂದೊಂದ ಪುಟ ದಾರದಲೆ ಕಟ್ಟಿ ಬಂದ! ಆಡುಗಳು ಬಂದು ‘ಅ’ದಿಂದ ‘ಈ’ ತನಕ ತಿಂದು ಮುಗಿಸಿದ್ವು.

"ಅಯ್ಯ ನನ್ನ ಕರ್ಮವ! ಆ ನೆಟ್ ಅಲ್ಲೋ, ಮೊಬೈಲಿನ ನೆಟ್! ಅಕ್ಷರ ಹಂಗ ಹಾಕಿದ್ರ ಒಡೀತಾವ. ಕಂಪ್ಯೂಟರಿನ್ಯಾಗ ಅದನ್ನ ಗೆರಿ ಚಿತ್ರ ಮಾಡು, ಆಮ್ಯಾಲೆ ಹಾಕು!"

"ಹೂಂನವ್ವ!"

ಗೆರಿ ಚಿತ್ರ ಮಾಡಿದ. ‘ಎಮ್ಮಿ’ ಅಂತ ಇದ್ದಲ್ಲಿ ಎಮ್ಮಿ ಚಿತ್ರ! ‘ಒನಕಿ’ ಅಂತ ಇದ್ದಲ್ಲಿ ಒನಕಿ ಚಿತ್ರ! ‘ಅತ್ತಿ’ ಅಂತ ಇದ್ದಲ್ಲಿ ಎದುರುಮನಿ ಕಾಶವ್ವತ್ತಿ, ಸಣ್ಣ ಮೀಸಿ ಸಮೇತ! ಕಾಶವ್ವ ಕಸಬರಗಿ ಹಿಡಕೊಂಡು ಅಂಗಡಿಗೇ ಬಂದ್ಳು.

"ಅರ್ಥ ನೋಡಬ್ಯಾಡೋ ಹುಚ್ಚಪ್ಯಾಲಿ! ಅಕ್ಷರದ ಆಕಾರ ನೋಡು! ಫೈಲಿನ್ಯಾಗ ಇದ್ದದ್ದು ಇದ್ದಂಗ, ಒಂದು ಚುಕ್ಕಿ ಬಿಡದಂಗ ಗೆರಿ ಮಾಡು! ಎಷ್ಟು ಹಿಗ್ಗಿಸಿದ್ರೂ ಅಂಚು ಒಡೀಬಾರದು!"

"ಹೂಂನವ್ವ!"

ಮೂರು ದಿನ ಕುಂತ. ಊಟಾನೂ ಅಲ್ಲೇ, ಚಹಾನೂ ಅಲ್ಲೇ.

ಐತವಾರ ಬಂತು. ಗ್ರಂಥಾಲಯ ತುಂಬಿತ್ತು. ಮಂದಿ ಮೊಬೈಲ್ ತಗದ್ರು. ಅಬ್ಬಬ್ಬಾ! ಒಂದು ಕೊಂಬು, ಒಂದು ಒತ್ತು ತಪ್ಪಿಲ್ಲ, ಅಕ್ಷರ ಮುತ್ತು ಜೋಡಿಸಿದಂಗ! ಮಾಸ್ತರು ಎರಡು ಬೆರಳಲೆ ಹಿಗ್ಗಿಸಿದ್ರು. ಮತ್ತ ಹಿಗ್ಗಿಸಿದ್ರು. ಅಕ್ಷರ ಅಂಗೈ ಅಷ್ಟಾತು, ಅಂಚು ಚಾಕುವಿನಲೆ ಕೊಯ್ದಂಗ ನಿಚ್ಚಳ.

"ಕಾಣತೈತಿ! ನನ್ನ ಪುಸ್ತಕ ನನಗ ಕಾಣತೈತಿ!"

ಚಪ್ಪಾಳಿ ಅಂದ್ರ ಚಪ್ಪಾಳಿ. ಮಾಸ್ತರು ಅಳಕೋತ ಜೋರಾಗಿ ಓದಾಕ ಹತ್ತಿದ್ರು. ಓದಿ ಓದಿ ಒಂದು ಕಡೆ ನಿಂತ್ರು.

"ಇದೇನಿದು ಪುಟದ ಅಂಚಿನ್ಯಾಗ? ‘ಈ ಶಬ್ದ ಮೂರನೇ ಸಲ ಬಂತು. ಮಾಸ್ತರು ತೂಕಡಿಸಿಕೋತ ಬರದಾರ.’"

ಟೈಪ್ ಮಾಡುವಾಗ ನಿಂಬೆವ್ವ ತನ್ನ ನೆನಪಿಗೆ ಅಂತ ಅಂಚಿನ್ಯಾಗ ಹಾಕಿಟ್ಟ ಟಿಪ್ಪಣಿ ಅದು. ಅಂಥಾ ಟಿಪ್ಪಣಿ ಎಲ್ಲಾ ಗೆರಿ ಆಗಿದ್ವು, ಒಂದೂ ಬಿಡದಂಗ!

"ನೀನ ಹೇಳಿದ್ಯಲ್ಲವ್ವ, ಇದ್ದದ್ದು ಇದ್ದಂಗ!"

ನಿಂಬೆವ್ವ ಸೆರಗಿನ್ಯಾಗ ಮಾರಿ ಮುಚ್ಚಿದ್ಳು. ಮಾಸ್ತರು ಹೊಟ್ಟಿ ಹಿಡಕೊಂಡು ನಕ್ಕರು. "ಖರೇ ಬರದೀ ತಂಗಿ! ನಲವತ್ತು ವರ್ಷದಾಗ ನನ್ನ ತಪ್ಪು ಹಿಡದಾಕಿ ನೀ ಒಬ್ಬಾಕಿ. ಇರ್ಲಿ ಬಿಡು! ಫಕೀರಪ್ಪ, ಇದು ನಿನ್ನ ಕೆಲಸ. ಕೊನೀ ಪುಟದಾಗ ದೊಡ್ಡ ಅಕ್ಷರದಾಗ ನಿನ್ನ ಹೆಸರು ಬರಿ. ಜಗತ್ತು ನೋಡ್ಲಿ!"

ಫಕೀರಪ್ಪ ಅಲ್ಲೇ ಗ್ರಂಥಾಲಯದ ಕಂಪ್ಯೂಟರ್ ಮುಂದ ಕುಂತು ಬರದು, ಗೆರಿ ಮಾಡಿ, ನೆಟ್ಟಿಗೆ ಹಾಕೇಬಿಟ್ಟ.

"ಏನ ಬರದಿಯೋ?" ಅಂದ್ಳು ಅವ್ವ, ಮಾರಿ ಮ್ಯಾಲಿನ ಸೆರಗು ತಗೀದಂಗ.

"ನಿನ್ನ ಹೆಸರವ್ವ!"

ನಿಂಬೆವ್ವನ ಕಣ್ಣು ತುಂಬಿ ಬಂದ್ವು. "ನನ್ನ ಹೆಸರು ಹಾಕಿದ್ಯಾ ಮಗನ!" ಅಂತ ಎಲ್ಲಾರ ಎದುರು ಅವನ್ನ ತೆಕ್ಕಿ ಬಡದ್ಳು. ಆಮ್ಯಾಲೆ ಕಣ್ಣು ಒರಸಿಕೊಂಡು ಪರದೆ ನೋಡಿದ್ಳು.

ಇಡೀ ಪುಟದ ತುಂಬ, ಎಮ್ಮಿ ಗಾತ್ರದ ಅಕ್ಷರದಾಗ ಬರದಿತ್ತು: ‘ನಿನ್ನ ಹೆಸರು’.