ಕೆಸುವಿನೆಲೆಗೆ ಮಳೆ ಹಾಕಿದ ಕೊಸರು

ಭೂಮಿ ಇನ್ನೂ ಹೊಸದಾಗಿದ್ದಾಗ, ಬೆಟ್ಟಗಳ ಮೈಬಿಸಿ ಪೂರ್ತಿ ಆರದಿದ್ದಾಗ, ಮಳೆಗೆ ಒಂದೇ ಕಟ್ಟಳೆ ಇತ್ತು: ಮುಟ್ಟಿದ್ದೆಲ್ಲ ನೆನೆಯಬೇಕು. ಕಲ್ಲು ನೆನೆಯುತ್ತಿತ್ತು, ಹಕ್ಕಿ ನೆನೆಯುತ್ತಿತ್ತು, ಎಲೆ ಅಂದರೆ ಎಲ್ಲ ಎಲೆಯೂ ನೆನೆಯುತ್ತಿತ್ತು.

ಆಗ ಕಡಲ ದಂಡೆಯಲ್ಲಿ ದೇವೀರಕ್ಕ ಅಂತ ಒಬ್ಬಳು ಉಪ್ಪು ಮಾರುವವಳಿದ್ದಳು. ಅವಳ ಮಗಳು ಬೊಮ್ಮಿ ಘಟ್ಟದ ನೆತ್ತಿಯ ಗುಹೆಯಲ್ಲಿ ಹೆತ್ತಿದ್ದಳು. ಮೇಲೆ ಯಾರ ಹತ್ತಿರವೂ ಬೆಂಕಿ ಇರಲಿಲ್ಲ. ಹಸುಗೂಸಿನ ತುಟಿ ನೀಲಿಗಟ್ಟುತ್ತಿದೆ ಎಂದು ಗಾಳಿ ಬಂದು ಹೇಳಿತು.

ದೇವೀರಕ್ಕ ಮಡಕೆಗೆ ಕೆಂಡ ತುಂಬಿ, ಮುಚ್ಚಳ ಹಾಕಿ, ಎಲೆಯ ಗೊರಬೆ ಹೊದ್ದು ಸುರಿವ ಮಳೆಯಲ್ಲೇ ಹೊರಟಳು. ಗೊರಬೆ ತಲೆ ಕಾಯುತ್ತದೆ, ಬೆನ್ನು ಕಾಯುತ್ತದೆ. ಕೈ ಮಾತ್ರ ಹೊರಗೇ. ಕೆಂಡವೋ, ಹೊಟ್ಟೆಬಾಕ. ದಾರಿಯ ಪ್ರತಿ ತಿರುವಿನಲ್ಲೂ ಬಂಡೆಯ ಮರೆಗೆ ನಿಂತು ಅದಕ್ಕೆ ಒಂದು ಹಿಡಿ ಒಣ ತೆಂಗಿನ ನಾರು ಹಾಕಬೇಕು. ಮೊದಲ ತಿರುವಿನಲ್ಲಿ ನಾರು ಹಾಕಿದಳು. ಬೆರಳಿನಿಂದ ನೀರೂ ತೊಟ್ಟಿಕ್ಕಿತು. ಎರಡನೆಯದರಲ್ಲೂ ಹಾಗೇ. ಮೂರನೆಯದರಲ್ಲಿ ಕೆಂಡ ಚುಂಯ್ ಅಂದಿತು. ಅಷ್ಟೇ.

ಆರಿದ ಮಡಕೆ ಹೊತ್ತು ಕೆಳಗಿಳಿದು ಬಂದಳು. ಅಳಲಿಲ್ಲ. ಅತ್ತರೆ ಕೈ ಇನ್ನಷ್ಟು ಒದ್ದೆ.

ಒಲೆಯ ಮುಂದೆ ಕೈ ಒಣಗಿಸಿಕೊಂಡು, ಹೊಸ ಕೆಂಡ ತುಂಬಿ, ಸೂರಿನಡಿಯಿಂದಲೇ ಕೂಗಿದಳು: "ತೇಗಣ್ಣಾ, ನಿನ್ನ ಎಲೆ ದೊಡ್ಡದು. ಕೈಗೆ ಸುತ್ತಿಕೊಳ್ಳಲಾ?"

"ನಾನು ನೀರು ಕುಡಿಯೋನು ಅಕ್ಕಾ. ನಿನ್ನ ಕೈಗೂ ಕುಡಿಸಿಬಿಡ್ತೀನಿ," ಎಂದಿತು ತೇಗ.

"ಬಾಳೆಯಮ್ಮಾ, ನೀನು?"

"ಗಾಳಿ ಬಂದರೆ ನಾನೇ ಚಿಂದಿ ಕಣೇ," ಎಂದಿತು ಬಾಳೆ.

ತೋಡಿನ ಬದಿಯ ಕೆಸು ತಾನಾಗಿ ಹೇಳಿತು: "ನನ್ನ ಎಲೆ ಹಗುರ, ಮಡಚಿದರೂ ಹರಿಯೋದಿಲ್ಲ. ಆದರೆ ನಾನೂ ನೆನೀತೀನಿ ಅಕ್ಕಾ. ಮಳೆಯನ್ನೇ ಕೇಳು."

"ಮಳೆರಾಯಾ, ಮಾತಿದೆ!" ಎಂದು ದೇವೀರಕ್ಕ ಮುಗಿಲಿಗೆ ಕೂಗಿದಳು.

"ಚೌಕಾಸಿಗೆ ಬಂದೆಯಾ? ನನ್ನದು ಒಂದೇ ಮಾತು," ಎಂದು ಮಳೆ ಗುಡುಗಿತು.

"ಕಡಿಮೆ ಮಾಡು ಅಂತ ಯಾರಂದರು? ಬೆಟ್ಟ ನೆನೆಸು, ಕಾಡು ನೆನೆಸು, ನನ್ನನ್ನೂ ನೆನೆಸು. ಅಳತೆ ಪೂರ್ತಿ ಆಯ್ತಲ್ಲ, ಈಗ ಕೊಸರು ಹಾಕು."

"ಕೊಸರು ಅಂದರೇನು?"

"ಅಯ್ಯೋ, ಇಷ್ಟು ದೊಡ್ಡ ಧಣಿ, ಕೊಸರು ಗೊತ್ತಿಲ್ವಾ! ಸೇರು ಉಪ್ಪು ಅಳೆದ ಮೇಲೆ ನಾನು ಒಂದು ಚಿಟಿಕೆ ಜಾಸ್ತಿ ಹಾಕ್ತೀನಿ. ಅದು ಮನಸ್ಸಿಂದ ಹಾಕೋದು. ಕೊಸರಿಲ್ಲದ ಅಳತೆ ಜಿಪುಣನ ಅಳತೆ. ಹಾಗನ್ನಿಸಿಕೊಳ್ಳೋ ಆಸೆ ನಿನಗಿದ್ದರೆ ಬಿಡು."

ಘಟ್ಟದುದ್ದಕ್ಕೂ ಸುರಿಯುತ್ತಿದ್ದ ನೀರು ಇದ್ದಲ್ಲೇ ನಿಂತಿತು. ಹನಿಹನಿಯೂ ಮುಗಿಲಿಗೂ ನೆಲಕ್ಕೂ ನಡುವೆ ತೂಗಿ ಅವಳತ್ತ ನೋಡಿತು. ಕಡಲು ಕೂಡ ಅಲೆ ಎತ್ತಲಿಲ್ಲ.

"ಎಷ್ಟು ಬೇಕು?" ಈ ಸಲ ಮಳೆಯ ದನಿ ಮೆಲ್ಲಗಿತ್ತು.

"ಎರಡು ಕೈಯಗಲ ನೆನೆಸದೆ ಬಿಡು. ಈ ಕೆಸುವಿನೆಲೆಯಷ್ಟು ಸಾಕು."

ಮಳೆ ಒಂದು ಹನಿಯನ್ನು ಕೆಸುವಿನೆಲೆಯ ಮೇಲೆ ಇಟ್ಟಿತು. ಇಟ್ಟಿತು, ಆದರೆ ಅಂಟಿಸಲಿಲ್ಲ. ಹನಿ ದುಂಡಗೆ ನಿಂತಿತು. ಅದರೊಳಗೆ ಘಟ್ಟ ತಲೆಕೆಳಗಾಗಿತ್ತು, ಮುಗಿಲು ಬುಡದಲ್ಲಿತ್ತು. ಕಂಡದ್ದಕ್ಕೆಲ್ಲ ಬೆಲೆ ಕಟ್ಟುತ್ತಿದ್ದ ದೇವೀರಕ್ಕನಿಗೆ ಅದರ ಬೆಲೆ ತೋಚಲಿಲ್ಲ. ಹನಿ ಉರುಳಿಹೋಯಿತು. ಎಲೆ ಒದ್ದೆಯಾಗಿರಲೇ ಇಲ್ಲ.

ಮಳೆ ಮತ್ತೆ ಸುರಿಯತೊಡಗಿತು. ಅವಳು ಎರಡು ಎಲೆ ಕೊಯ್ದು, ಕೈಗಳಿಗೆ ಚೀಲದ ಹಾಗೆ ಸುತ್ತಿ, ಮಣಿಕಟ್ಟಿಗೆ ಬಾಳೆನಾರು ಹಾಕಿ ಹಲ್ಲಿನಿಂದ ಬಿಗಿದಳು. ಭಾರವಿಲ್ಲ, ಖರ್ಚಿಲ್ಲ. ಪ್ರತಿ ತಿರುವಿನಲ್ಲೂ ಬಂಡೆಯ ಮರೆಯಲ್ಲಿ ಎಲೆ ಬಿಚ್ಚುವಳು, ಒಣ ಕೈಯಿಂದ ನಾರು ಹಾಕುವಳು, ಮತ್ತೆ ಎಲೆ ಸುತ್ತುವಳು. ಏಳು ತಿರುವು ದಾಟಿದರೂ ಕೆಂಡ ಕಣ್ಣು ಮುಚ್ಚಲಿಲ್ಲ.

ಗುಹೆಯಲ್ಲಿ ಬೆಂಕಿ ಹೊತ್ತಿತು. ಕೂಸು ಮೊದಲು ಸೀನಿತು, ಆಮೇಲೆ ಗುಹೆ ಬಿರಿಯುವ ಹಾಗೆ ಅತ್ತಿತು. ಬೊಮ್ಮಿಗೆ ನಗು ಬಂತು.

"ಅವ್ವಾ, ಕೈ ಯಾಕೆ ಹಾಗೆ ಕೆರಕೊಳ್ತೀ?"

"ಕೆಸು ತುರಿಸುತ್ತಾ ಅಂತ ಕೇಳಲೇ ಇಲ್ಲ ನೋಡು. ಸಾಮಾನು ತಿರುಗಿಸಿ ನೋಡದೆ ತಂದದ್ದು ಇದೊಂದೇ," ಎಂದಳು ದೇವೀರಕ್ಕ, ಮೊಮ್ಮಗುವಿನ ಕೆಂಪೇರಿದ ತುಟಿಯಿಂದ ಕಣ್ಣು ಕೀಳದೆ.

ಹಾಕಿದ ಕೊಸರನ್ನು ವಾಪಸು ಕೇಳುವ ವಾಡಿಕೆ ಎಲ್ಲೂ ಇಲ್ಲ. ಮಳೆಯೂ ಕೇಳಲಿಲ್ಲ. ಅದಕ್ಕೇ ಮಕ್ಕಳೇ, ಇವತ್ತಿಗೂ ಎಂಥ ಜಡಿಮಳೆ ಸುರಿದರೂ ಕೆಸುವಿನೆಲೆ ನೆನೆಯುವುದಿಲ್ಲ. ಹನಿ ಅದರ ಮೇಲೆ ಮುತ್ತಿನ ಹಾಗೆ ಕೂತಿದ್ದು, ನೀವು ಎಲೆಯನ್ನು ಓರೆ ಮಾಡಿದೊಡನೆ ಗುರುತೂ ಉಳಿಸದೆ ಜಾರಿಹೋಗುತ್ತದೆ.